ಕೊಂಡಿಗೆ ನೀಲಿ ಬಣ್ಣ ಬಂದದ್ದು ಹೇಗೆ?

ಗಣಕದಲ್ಲಿ ಒಂದು ಪಾಠಟಿಪ್ಪಣಿಯನ್ನು ಬೆರಳಚ್ಚು ಮಾಡುತ್ತಿದ್ದೀರಿ ಎಂದುಕೊಳ್ಳಿ. ಅಕ್ಷರಗಳೆಲ್ಲ ಕಪ್ಪು. ನಡುವೆ ಒಂದು ಜಾಲತಾಣದ ವಿಳಾಸ ಬರುತ್ತದೆ. ಅದನ್ನು ಮುಗಿಸಿ ಸ್ಪೇಸ್ ಕೀಲಿಯನ್ನು ಒತ್ತಿದೊಡನೆ ವಿಳಾಸವು ತಾನಾಗಿಯೇ ನೀಲಿಯಾಗುತ್ತದೆ, ಅದರ ಅಡಿಯಲ್ಲಿ ಒಂದು ಗೆರೆಯೂ ಮೂಡುತ್ತದೆ. ನೀವು ಕೇಳಿದ್ದಿಲ್ಲ, ಹೇಳಿದ್ದಿಲ್ಲ. ಈ ನೀಲಿ ಎಲ್ಲಿಂದ ಬಂತು? ಕೆಂಪು ಅಥವಾ ಹಸಿರು ಏಕಾಗಲಿಲ್ಲ? ಅದನ್ನು ಬದಲಿಸಲು ನಮಗೆ ಸಾಧ್ಯವೆ? ಬದಲಿಸಿದರೆ ಓದುವವರಿಗೆ ಏನಾದರೂ ತೊಂದರೆಯಾದೀತೆ?

ಈ ಪ್ರಶ್ನೆಗಳು ನನ್ನ ತಲೆಗೆ ಹೊಕ್ಕದ್ದು ಕೆಲವು ವರ್ಷಗಳ ಹಿಂದೆ ರಾಮನಗರದಲ್ಲಿ ನಡೆದ ವಿಜ್ಞಾನ ಶಿಕ್ಷಕರ ಒಂದು ಕಮ್ಮಟದಲ್ಲಿ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ತಾಲ್ಲೂಕುಗಳಿಂದ ಶಿಕ್ಷಕರು ಬಂದಿದ್ದರು. ಪ್ರತಿ ತಂಡವೂ ಒಂದೊಂದು ಪಾಠಕ್ಕೆ ನಾಲ್ಕು ಪುಟದ ಕೈಪಿಡಿಯನ್ನು ಸಿದ್ಧಪಡಿಸಬೇಕು, ಹೆಚ್ಚಿನ ಓದಿಗೆ ಅದರಲ್ಲಿ ಕೊಂಡಿಗಳನ್ನು ಕೊಡಬೇಕು ಎಂಬುದು ಕೆಲಸ. ಕೊಂಡಿಯ ಬಣ್ಣದ ಬಗ್ಗೆ ನಾನು ಏನೂ ಹೇಳಿರಲಿಲ್ಲ. 'ನಿಮಗೆ ಬೇಕಾದ ಬಣ್ಣ ಹಾಕಿಕೊಳ್ಳಿ' ಎಂದುಬಿಟ್ಟಿದ್ದೆ. ಒಂದು ತಂಡ ಕಡುಗೆಂಪು, ಇನ್ನೊಂದು ಎಲೆಹಸಿರು, ಮತ್ತೊಂದು ಕಿತ್ತಳೆ ಬಣ್ಣವನ್ನು ಆರಿಸಿಕೊಂಡವು. ನಾಲ್ಕನೆಯವರು ನೀಲಿಯನ್ನು ಉಳಿಸಿಕೊಂಡು, ನೋಟ ಕೆಡುತ್ತದೆಂದು ಅಡಿಗೆರೆಯನ್ನು ತೆಗೆದುಹಾಕಿದರು. ಎಲ್ಲವನ್ನೂ ಒಟ್ಟುಗೂಡಿಸಿ ತೆರೆಯ ಮೇಲೆ ತೋರಿಸಿದಾಗ ಮಾಗಡಿಯ ಕಡೆಯ ಹಿರಿಯ ಮೇಷ್ಟ್ರೊಬ್ಬರು ಎದ್ದು ನಿಂತು, 'ಸರ್, ಇದರಲ್ಲಿ ಕೊಂಡಿ ಎಲ್ಲಿದೆ? ನನಗೆ ಎಲ್ಲ ಕಪ್ಪಾಗಿಯೇ ಕಾಣುತ್ತೆ' ಎಂದರು. ಅವರು ನೋಡುತ್ತಿದ್ದದ್ದು ಕಡುಗೆಂಪು ಕೊಂಡಿಗಳ ಪುಟ. ಅವರಿಗೆ ಕೆಂಪು ಬಣ್ಣದ ಕುರುಡಿದೆ ಎಂಬುದು ಆಮೇಲೆ ತಿಳಿಯಿತು. ಮೂವತ್ತು ವರ್ಷ ದೃಗ್ವಿಜ್ಞಾನವನ್ನು ಕಲಿಸಿದವನಿಗೆ ಇದು ಮೊದಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಅಂದಿನ ನನ್ನ ಮುಜುಗರವೇ ಈ ಲೇಖನಕ್ಕೆ ಕಾರಣ.

ಕೊಂಡಿಯ ಹುಟ್ಟು

ಒಂದು ಬರಹದಿಂದ ಇನ್ನೊಂದು ಬರಹಕ್ಕೆ ನೇರವಾಗಿ ಜಿಗಿಯುವ ಕಲ್ಪನೆ ಗಣಕಗಳು ಬಳಕೆಗೆ ಬರುವ ಮೊದಲೇ ಹುಟ್ಟಿತ್ತು. 1945ರ ಜುಲೈನಲ್ಲಿ ಅಮೆರಿಕದ ಎಂಜಿನಿಯರ್ ವನ್ನೆವಾರ್ ಬುಷ್ 'ಅಟ್ಲಾಂಟಿಕ್ ಮಂತ್ಲಿ' ಪತ್ರಿಕೆಯಲ್ಲಿ 'ಮೆಮೆಕ್ಸ್' ಎಂಬ ಯಂತ್ರವೊಂದನ್ನು ವರ್ಣಿಸಿದರು. ಮೇಜಿನಂತಹ ಈ ಯಂತ್ರದೊಳಗೆ ಪುಸ್ತಕಗಳು ಮೈಕ್ರೋಫಿಲ್ಮಿನಲ್ಲಿರುತ್ತವೆ. ಓದುಗ ಒಂದು ಪುಟಕ್ಕೂ ಇನ್ನೊಂದು ಪುಟಕ್ಕೂ ತಾನೇ ಜಾಡು ಹಾಕಿಕೊಳ್ಳಬಹುದು. ಯಂತ್ರವನ್ನು ಯಾರೂ ಕಟ್ಟಲಿಲ್ಲ, ಕಲ್ಪನೆ ಮಾತ್ರ ಉಳಿಯಿತು. 1965ರಲ್ಲಿ ಟೆಡ್ ನೆಲ್ಸನ್ ಇಂತಹ ಬರಹಕ್ಕೆ 'ಹೈಪರ್‌ಟೆಕ್ಸ್ಟ್' ಎಂಬ ಹೆಸರನ್ನಿಟ್ಟರು. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ಸಭಿಕರ ಮುಂದೆ ಮೌಸ್ ಹಿಡಿದು ತೆರೆಯ ಮೇಲಿನ ಬರಹದಲ್ಲಿ ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿದು ತೋರಿಸಿದರು. ಆದರೆ ಬಣ್ಣದ ಪ್ರಶ್ನೆ ಆಗ ಏಳುವಂತೆಯೇ ಇರಲಿಲ್ಲ, ತೆರೆ ಏಕವರ್ಣದ್ದು.

ಏಕವರ್ಣದಲ್ಲಿ ಒಂದು ಪದವನ್ನು ಎತ್ತಿ ತೋರಿಸುವುದು ಹೇಗೆ ಎಂಬುದು ನಮಗೂ ಹಳೆಯ ಸಮಸ್ಯೆಯೇ. ತಾಳೆಗರಿಯಲ್ಲಿ ಕಂಟದಿಂದ ಕೊರೆದು ಮಸಿ ತೀಡುತ್ತಿದ್ದ ಲಿಪಿಕಾರನಿಗೆ ಇದ್ದದ್ದು ಒಂದೇ ಬಣ್ಣ. ಕಡತದಲ್ಲಿ ಬರೆಯುತ್ತಿದ್ದ ಶಾನುಭೋಗರಿಗೂ ಅಷ್ಟೆ. ಹುಣಿಸೆ ಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದ ಕಪ್ಪು ಬಟ್ಟೆಯ ಮೇಲೆ ಬಳಪದ ಬಿಳಿ ಅಕ್ಷರ. (ಇಂದಿನ ಮಕ್ಕಳು ಮೊಬೈಲಿನಲ್ಲಿ ಕಪ್ಪು ಹಿನ್ನೆಲೆಗೆ ಬಿಳಿ ಅಕ್ಷರ ಇಟ್ಟುಕೊಂಡು ಹೊಸದೇನೋ ಕಂಡುಕೊಂಡಂತೆ ಬೀಗುವಾಗ ನನಗೆ ಕಡತದ ನೆನಪಾಗುತ್ತದೆ.) ಕಾಗದ ಬಂದ ಮೇಲೆ ಹಸ್ತಪ್ರತಿಗಳಲ್ಲಿ ಕೆಂಪು ಮಸಿಯೂ ಬಂತು. ಅಧ್ಯಾಯದ ಆರಂಭ, ಸಮಾಪ್ತಿ, ವಿರಾಮದ ಗೆರೆ ಇವಕ್ಕೆಲ್ಲ ಕೆಂಪು. ಯೂರೋಪಿನ ಹಸ್ತಪ್ರತಿಗಳಲ್ಲೂ ಹೀಗೆಯೇ. ಕೈಬರಹದ ಕಾಲದಲ್ಲಿ ಗಮನ ಸೆಳೆಯುವ ಬಣ್ಣವೆಂದರೆ ಕೆಂಪು ಎಂಬುದು ಬಹುಮಟ್ಟಿಗೆ ಒಪ್ಪಿತವಾಗಿತ್ತು. ಹಾಗಿದ್ದೂ ಗಣಕ ಕೆಂಪನ್ನು ಬಿಟ್ಟು ನೀಲಿಗೆ ಹೋದದ್ದು ಸ್ವಾರಸ್ಯದ ಸಂಗತಿ.

1980ರ ದಶಕದಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಬೆನ್ ಶ್ನೈಡರ್‌ಮನ್ ಮತ್ತು ಅವರ ವಿದ್ಯಾರ್ಥಿಗಳು 'ಹೈಪರ್‌ಟೈಸ್' ಎಂಬ ತಂತ್ರಾಂಶವನ್ನು ರೂಪಿಸುತ್ತಿದ್ದರು. ಬರಹದ ಒಳಗಿನ ಪದವನ್ನೇ ಕೊಂಡಿಯಾಗಿಸುವ ಪದ್ಧತಿಯನ್ನು ಜನಪ್ರಿಯಗೊಳಿಸಿದವರಲ್ಲಿ ಇವರೂ ಸೇರಿದ್ದಾರೆ. ಕೊಂಡಿಯನ್ನು ಹೇಗೆ ಎತ್ತಿ ತೋರಿಸಬೇಕೆಂದು ಅವರು ಊಹಿಸಿ ಕೂರಲಿಲ್ಲ, ಓದುಗರ ಮೇಲೆ ಪ್ರಯೋಗ ಮಾಡಿದರು. ದಪ್ಪಕ್ಷರ, ಅಡಿಗೆರೆ, ಮಿಣುಕುವ ಅಕ್ಷರ, ಬಣ್ಣದ ತೆರೆಗಳು ಸಿಕ್ಕ ಮೇಲೆ ಬಗೆಬಗೆಯ ಬಣ್ಣ, ಹೀಗೆ. ಕೆಂಪು ಕೊಂಡಿ ಬೇಗ ಕಣ್ಣಿಗೆ ಬೀಳುತ್ತಿತ್ತು, ನಿಜ. ಆದರೆ ಕೆಂಪು ಕೊಂಡಿಗಳಿದ್ದ ಪುಟವನ್ನು ಓದಿದವರಿಗೆ ಓದಿದ ವಿಷಯ ಕಡಿಮೆ ಅರ್ಥವಾಗಿತ್ತು, ಕಡಿಮೆ ನೆನಪಿನಲ್ಲಿ ಉಳಿದಿತ್ತು! ಕಣ್ಣು ಕೊಂಡಿಯಿಂದ ಕೊಂಡಿಗೆ ಓಡುತ್ತಿತ್ತೇ ಹೊರತು ನಡುವಣ ವಾಕ್ಯದ ಮೇಲೆ ನಿಲ್ಲುತ್ತಿರಲಿಲ್ಲ. ತಿಳಿನೀಲಿಯಾದರೆ ಕಾಣುವಷ್ಟು ಕಾಣುತ್ತಿತ್ತು, ಓದನ್ನು ಕೆಡಿಸುತ್ತಿರಲಿಲ್ಲ. ಅವರು ಅದನ್ನೇ ಆರಿಸಿಕೊಂಡರು.

ಶಿಕ್ಷಕರು ಈ ಫಲಿತಾಂಶದ ಬಳಿ ಸ್ವಲ್ಪ ನಿಲ್ಲಬೇಕು. ಕರಿಹಲಗೆಯ ಮೇಲೆ ಮುಖ್ಯಾಂಶಗಳನ್ನೆಲ್ಲ ಬಣ್ಣದ ಸೀಮೆಸುಣ್ಣದಲ್ಲಿ ಬರೆಯುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ.

ಹೈಪರ್‌ಟೈಸ್‌ನ ತಿಳಿನೀಲಿಯೇ ಇಂದಿನ ನೀಲಿಗೆ ಮೂಲ ಎಂದು ಶ್ನೈಡರ್‌ಮನ್ ಹೇಳುತ್ತಾರೆ. ಆದರೆ ಇತಿಹಾಸ ಅಷ್ಟು ನೇರವಾಗಿಲ್ಲ. ವಿಶ್ವವ್ಯಾಪಿ ಜಾಲವನ್ನು ಕಟ್ಟಿದ ಟಿಮ್ ಬರ್ನರ್ಸ್-ಲೀ ತಮ್ಮ ಪ್ರಸ್ತಾವವನ್ನು ಜಿನೀವಾದ ಸರ್ನ್ ಪ್ರಯೋಗಾಲಯಕ್ಕೆ ಕೊಟ್ಟದ್ದು 1989ರ ಮಾರ್ಚ್‌ನಲ್ಲಿ. 1990ರಲ್ಲಿ ಅವರು ಬರೆದ ಮೊದಲ ವೀಕ್ಷಕ ತಂತ್ರಾಂಶ ನೆಕ್ಸ್ಟ್ ಎಂಬ ಗಣಕದ ಮೇಲೆ ಓಡುತ್ತಿತ್ತು. ಅದರ ತೆರೆಯಲ್ಲಿ ಇದ್ದದ್ದು ಕಪ್ಪು, ಬಿಳುಪು ಮತ್ತು ನಡುವಣ ಬೂದು ಛಾಯೆಗಳು ಮಾತ್ರ. ಕೊಂಡಿಯ ಗುರುತು ಕೇವಲ ಅಡಿಗೆರೆ. ಕೊಂಡಿಗೆ ಬಣ್ಣ ಇರಲೇಬೇಕೆಂದಾಗಲಿ, ಅದು ನೀಲಿಯೇ ಆಗಬೇಕೆಂದಾಗಲಿ ಯಾವ ಕಾರಣವೂ ಇಲ್ಲ, ರೂಢಿಯಿಂದ ಬಂದದ್ದಷ್ಟೆ ಎಂಬುದು ಅವರ ಅಭಿಪ್ರಾಯ.

ರೂಢಿಯನ್ನು ಗಟ್ಟಿ ಮಾಡಿದ್ದು ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಆಂಡ್ರೀಸೆನ್ ಮತ್ತು ಎರಿಕ್ ಬೀನಾ ಬರೆದ ಮೊಸಾಯಿಕ್. 1993ರ ಏಪ್ರಿಲ್‌ನಲ್ಲಿ ಹೊರಬಂದ ಅದರ 0.13ನೆಯ ಆವೃತ್ತಿಯ ಬದಲಾವಣೆಗಳ ಪಟ್ಟಿಯಲ್ಲಿ ಇದರ ದಾಖಲೆಯಿದೆ. ನೋಡದ ಕೊಂಡಿಗೆ ನೀಲಿ ಬಣ್ಣ ಮತ್ತು ಅಖಂಡ ಅಡಿಗೆರೆ, ನೋಡಿದ ಕೊಂಡಿಗೆ ಕಡುನೇರಳೆ ಮತ್ತು ತುಂಡುತುಂಡಾದ ಅಡಿಗೆರೆ. ಈ ತುಂಡುಗೆರೆಯನ್ನು ನೆನಪಿನಲ್ಲಿಡಿ, ಮತ್ತೆ ಅದರ ಬಳಿಗೆ ಬರೋಣ.

ಅದೇ ಕಾಲದ ವಿಂಡೋಸ್ 3.1ರ ಸಹಾಯ ಪುಟಗಳಲ್ಲಿ ಕೊಂಡಿಗಳು ಹಸಿರಾಗಿದ್ದವು ಎಂಬುದು ಹಳಬರಿಗೆ ನೆನಪಿರಬಹುದು. ಆ ಸಂಸ್ಥೆಯ ಹಸಿರೇ ಗೆದ್ದಿದ್ದರೆ ಇಂದು ಈ ಲೇಖನದ ತಲೆಬರಹ ಬೇರೆಯೇ ಆಗಿರುತ್ತಿತ್ತು. ಗೆದ್ದದ್ದು ಮೊಸಾಯಿಕ್, ಅದರ ಬೆನ್ನಿಗೆ 1994ರಲ್ಲಿ ಬಂದ ನೆಟ್‌ಸ್ಕೇಪ್. ಅಂದಿನ ಸಾಮಾನ್ಯ ಗಣಕಗಳಲ್ಲಿ ಅನೇಕ ವೇಳೆ ದೊರೆಯುತ್ತಿದ್ದದ್ದು 16 ಬಣ್ಣಗಳು. ಬಿಳಿ ಅಥವಾ ಬೂದು ಹಿನ್ನೆಲೆಯ ಮೇಲೆ ಓದಲು ಬರುವಷ್ಟು ಗಾಢವಾದವು ಅವುಗಳಲ್ಲಿ ಕೆಲವೇ. 1996ರ ಡಿಸೆಂಬರ್‌ನಲ್ಲಿ ಜಾಲಪುಟಗಳ ಶೈಲಿ ನಿಯಮಗಳು ಪ್ರಕಟವಾದಾಗ, ನೋಡದ ಕೊಂಡಿ ಮತ್ತು ನೋಡಿದ ಕೊಂಡಿಗಳಿಗೆ ಬೇರೆ ಬೇರೆ ಬಣ್ಣ ಕೊಡುವ ಅಧಿಕಾರ ಪುಟ ಬರೆಯುವವನ ಕೈಗೆ ಬಂತು.

ಅಧಿಕಾರದ ಜೊತೆಗೆ ಒಂದು ಉಪದ್ರವವೂ ಬಂತು. ನೀವು ಒಂದು ತಾಣಕ್ಕೆ ಹೋಗಿದ್ದೀರೋ ಇಲ್ಲವೋ ಎಂಬುದನ್ನು ಕೊಂಡಿಯ ಬಣ್ಣವೇ ಹೇಳುತ್ತದೆಯಷ್ಟೆ? ಹಾಗಾದರೆ ಯಾವನೋ ಒಬ್ಬ ತನ್ನ ಪುಟದಲ್ಲಿ ಸಾವಿರ ಕೊಂಡಿಗಳನ್ನು ಕಣ್ಣಿಗೆ ಕಾಣದಂತೆ ಇಟ್ಟು, ಯಾವ ಯಾವುದು ನೇರಳೆಯಾಗಿದೆ ಎಂದು ನಿಮ್ಮ ವೀಕ್ಷಕ ತಂತ್ರಾಂಶವನ್ನೇ ಕೇಳಿದರೆ? ಅದು ಪ್ರಾಮಾಣಿಕವಾಗಿ ಉತ್ತರ ಕೊಡುತ್ತಿತ್ತು. ನಿಮ್ಮ ಓದಿನ ಚರಿತ್ರೆಯೆಲ್ಲ ಹೊರಬೀಳುತ್ತಿತ್ತು. 2010ರಲ್ಲಿ ಇದಕ್ಕೆ ತಡೆ ಹಾಕುವ ವಿಧಾನವನ್ನು ಫೈರ್‌ಫಾಕ್ಸ್ ತಂಡ ಪ್ರಕಟಿಸಿತು, ಉಳಿದವರೂ ಅನುಸರಿಸಿದರು. ಅಂದಿನಿಂದ ಪುಟವು ಬಣ್ಣವನ್ನು ಕೇಳಿದರೆ ವೀಕ್ಷಕ ತಂತ್ರಾಂಶ ಬೇಕೆಂದೇ ಸುಳ್ಳು ಹೇಳುತ್ತದೆ!

ಕಡತದೊಳಗಿನ ಹನ್ನೆರಡು ಬಣ್ಣ

ಜಾಲದಿಂದ ಪದಸಂಸ್ಕಾರಕಗಳಿಗೆ ಬರೋಣ. ಮೈಕ್ರೋಸಾಫ್ಟ್ ಸಂಸ್ಥೆಯ ವರ್ಡ್ 97 ಕೊಂಡಿಯನ್ನು ದಾಖಲೆಯ ಸಹಜ ಅಂಗವಾಗಿ ಮಾಡಿತು. ವಿಳಾಸವನ್ನು ಗುರುತಿಸಿ ತಾನಾಗಿಯೇ ನೀಲಿ ಮಾಡುವ ಅಭ್ಯಾಸ ಮನೆಮನೆಗೆ ಬಂದದ್ದು ಇದರ ಮೂಲಕ. ಒಳಗೆ ನಡೆಯುವುದೇನು? ಆ ಪದಗಳಿಗೆ 'ಹೈಪರ್‌ಲಿಂಕ್' ಎಂಬ ಹೆಸರಿನ ಒಂದು ಅಕ್ಷರವಿನ್ಯಾಸ ಅಂಟಿಕೊಳ್ಳುತ್ತದೆ. ಒಮ್ಮೆ ಕ್ಲಿಕ್ಕಿಸಿದ ಮೇಲೆ 'ಫಾಲೋಡ್ ಹೈಪರ್‌ಲಿಂಕ್' ಎಂಬ ಇನ್ನೊಂದು. ಬಣ್ಣವೂ ಅಡಿಗೆರೆಯೂ ಇರುವುದು ಈ ವಿನ್ಯಾಸಗಳಲ್ಲಿ, ಪದಗಳಲ್ಲಲ್ಲ.

ಇದನ್ನು ಅರಿಯಲು ಚನ್ನಪಟ್ಟಣದ ಬೊಂಬೆ ಕುಶಲಕರ್ಮಿಯ ಚರಕಿಯ ಮುಂದೆ ಐದು ನಿಮಿಷ ಕುಳಿತರೆ ಸಾಕು. ಅವರು ಪ್ರತಿ ಬೊಂಬೆಗೂ ಬಣ್ಣ ಕಲಸುತ್ತ ಕೂರುವುದಿಲ್ಲ. ಅರಗಿನಲ್ಲಿ ಬಣ್ಣ ಸೇರಿಸಿ ಕಡ್ಡಿಗಳನ್ನು ಮೊದಲೇ ಮಾಡಿಟ್ಟುಕೊಂಡಿರುತ್ತಾರೆ. ಗಿರಗಿರನೆ ತಿರುಗುವ ಮರಕ್ಕೆ ಕಡ್ಡಿಯನ್ನು ಒತ್ತಿ ಹಿಡಿದರೆ ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ, ಆಮೇಲೆ ಗರಿಯಿಂದ ಉಜ್ಜಿದರೆ ಹೊಳಪು. ನೂರು ಬೊಂಬೆಯ ಬಣ್ಣ ಬದಲಾಗಬೇಕಾದರೆ ಕಡ್ಡಿಯನ್ನು ಬದಲಿಸಿದರಾಯಿತು. ವರ್ಡ್‌ನ 'ಹೈಪರ್‌ಲಿಂಕ್' ವಿನ್ಯಾಸ ಇಂತಹ ಅರಗಿನ ಕಡ್ಡಿ. ಒಂದು ವ್ಯತ್ಯಾಸ ಮಾತ್ರ ಇದೆ. ಇಲ್ಲಿ ಕಡ್ಡಿಯನ್ನು ಬದಲಿಸಿದರೆ ಈಗಾಗಲೇ ಮಾಡಿಟ್ಟ ಬೊಂಬೆಗಳ ಬಣ್ಣವೂ ಬದಲಾಗುತ್ತದೆ! ನಮ್ಮ ಕಮ್ಮಟದ ಶಿಕ್ಷಕರು ಮಾಡಿದ್ದು ಬೇರೆ. ಒಂದೊಂದು ಕೊಂಡಿಯನ್ನೂ ಆಯ್ದು ಕೈಯಾರೆ ಬಣ್ಣ ಬಳಿದಿದ್ದರು. ಎಲ್ಲವನ್ನೂ ಸರಿಪಡಿಸುವಾಗ ಇಡೀ ಸಂಜೆ ಹಿಡಿಯಿತು.

ಬೊಂಬೆಯ ವಿಷಯ ಬಂದಾಗ ಇನ್ನೊಂದು ಮಾತು ಹೇಳದೆ ಇರಲಾರೆ. 2005-06ರ ಸಾಲಿನಲ್ಲಿ ಭೌಗೋಳಿಕ ಗುರುತು ಪಡೆದ ಈ ಬೊಂಬೆಗಳಿಗೆ ಸಾಂಪ್ರದಾಯಿಕವಾಗಿ ಬಳಸುವುದು ಹಾಲೆ ಮರ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ರೈಟಿಯಾ ಟಿಂಕ್ಟೋರಿಯಾ. ಲ್ಯಾಟಿನ್ನಿನಲ್ಲಿ ಟಿಂಕ್ಟೋರಿಯಾ ಎಂದರೆ ಬಣ್ಣ ಹಾಕಲು ಒದಗುವಂಥದು. ಮರದ ತಿರುಳು ದಂತದಂತೆ ಬಿಳಿ, ಬಣ್ಣವಿರುವುದು ಎಲೆಯಲ್ಲಿ. ಹಾಲೆಯ ಎಲೆಗಳಿಂದ ನೀಲಿಯಂತಹ ಬಣ್ಣವನ್ನು ತೆಗೆಯುತ್ತಿದ್ದರು, 'ಪಾಲಾ ಇಂಡಿಗೋ' ಎಂದು ಅದಕ್ಕೆ ಹೆಸರು. ಗಣಕ ತನ್ನ ನೀಲಿಯನ್ನು ಎಲ್ಲಿಂದಲೋ ತಂದಿತು, ಚನ್ನಪಟ್ಟಣದ ಬೊಂಬೆಯ ಮರದಲ್ಲೇ ಒಂದು ನೀಲಿ ಅಡಗಿತ್ತು.

2007ರ ವರ್ಡ್ ಆವೃತ್ತಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ವಿನ್ಯಾಸದೊಳಗೆ ನೇರವಾಗಿ ಬಣ್ಣವನ್ನಿಡದೆ, ಇಡೀ ದಾಖಲೆಗೆ ಒಂದು ವರ್ಣಫಲಕವನ್ನು ಕೊಟ್ಟಿತು. ಅದರಲ್ಲಿ ಹನ್ನೆರಡು ಬಣ್ಣಗಳು. ಬರಹ ಮತ್ತು ಹಿನ್ನೆಲೆಗೆ ನಾಲ್ಕು, ಅಲಂಕಾರಕ್ಕೆ ಆರು, ಉಳಿದೆರಡು ಕೊಂಡಿಗೇ ಮೀಸಲು, ನೋಡದ್ದಕ್ಕೆ ಒಂದು, ನೋಡಿದ್ದಕ್ಕೆ ಒಂದು. ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಹೊಸ ಮಾದರಿಯ ವರ್ಡ್ ಕಡತ ವಾಸ್ತವವಾಗಿ ಒಂದು ಜಿಪ್ ಗಂಟು. ಅದರ ಪ್ರತಿಯೊಂದನ್ನು ಮಾಡಿಕೊಂಡು, ಹೆಸರಿನ ಬಾಲವನ್ನು ಜಿಪ್ ಎಂದು ಬದಲಿಸಿ ಬಿಚ್ಚಿದರೆ ಒಳಗೆ 'ಥೀಮ್' ಎಂಬ ಕೋಶವೂ ಅದರಲ್ಲಿ ಈ ಹನ್ನೆರಡು ಬಣ್ಣಗಳ ಪಟ್ಟಿಯೂ ಸಿಗುತ್ತದೆ. ಕಪ್ಪೆಯನ್ನು ಸೀಳುವುದಕ್ಕಿಂತ ಇದು ಸುಲಭ.

ಬಣ್ಣ ಬದಲಿಸುವ ದಾರಿಗಳು ಎರಡು. ಈ ದಾಖಲೆಯ ವರ್ಣಫಲಕವನ್ನೇ ಬದಲಿಸಲು 'ಡಿಸೈನ್' ವಿಭಾಗದಲ್ಲಿ 'ಕಲರ್ಸ್', ಅದರ ಕೆಳಗೆ 'ಕಸ್ಟಮೈಸ್ ಕಲರ್ಸ್' ಎಂಬಲ್ಲಿಗೆ ಹೋಗಿ. ಪಟ್ಟಿಯ ಕೊನೆಯ ಎರಡು ಸಾಲುಗಳು ಕೊಂಡಿಯವು. ಅಡಿಗೆರೆ, ಅಕ್ಷರದ ದಪ್ಪ ಇವನ್ನೂ ಬದಲಿಸಬೇಕಿದ್ದರೆ ವಿನ್ಯಾಸಗಳ ಪಟ್ಟಿಯಲ್ಲಿ 'ಹೈಪರ್‌ಲಿಂಕ್' ಹುಡುಕಿ 'ಮಾಡಿಫೈ' ಒತ್ತಿ. ದಾಖಲೆಯಲ್ಲಿ ಕನಿಷ್ಠ ಒಂದು ಕೊಂಡಿಯನ್ನು ಹಾಕುವ ತನಕ ಈ ಹೆಸರು ಪಟ್ಟಿಯಲ್ಲಿ ಕಾಣದೆ ಇರಬಹುದು, ಗಾಬರಿ ಬೇಡ. ಉಚಿತವಾಗಿ ದೊರೆಯುವ ಲಿಬ್ರೆ ಆಫೀಸ್‌ನಲ್ಲಿ ಇದಕ್ಕೆ ಸಮನಾದ ಅಕ್ಷರವಿನ್ಯಾಸದ ಹೆಸರು 'ಇಂಟರ್ನೆಟ್ ಲಿಂಕ್'. ಅದರ ಮೂಲ ಬಣ್ಣ ಕಡುನೀಲಿ.

ನಾವು ಭೌತವಿಜ್ಞಾನದವರು ಬಳಸುವ ಲೇಟೆಕ್ ವ್ಯವಸ್ಥೆಯಲ್ಲಿ ಸೆಬಾಸ್ಟಿಯನ್ ರಾಟ್ಸ್ 1990ರ ದಶಕದಲ್ಲಿ ರೂಪಿಸಿದ 'ಹೈಪರ್‌ರೆಫ್' ಬೇರೊಂದು ಉಪಾಯ ಹೂಡಿತು. ಅಕ್ಷರಗಳನ್ನು ಕಪ್ಪಾಗಿಯೇ ಬಿಟ್ಟು ಸುತ್ತ ಬಣ್ಣದ ಚೌಕಟ್ಟು ಹಾಕುವುದು. ಪುಸ್ತಕದೊಳಗಿನ ಕೊಂಡಿಗೆ ಕೆಂಪು, ಉಲ್ಲೇಖಕ್ಕೆ ಹಸಿರು, ಜಾಲದ ವಿಳಾಸಕ್ಕೆ ತಿಳಿನೀಲಿ ಚೌಕಟ್ಟು. ತೆರೆಯ ಮೇಲೆ ಇದು ಬಹಳ ಕುರೂಪ ಎಂದು ಎಲ್ಲರೂ ಗೊಣಗುತ್ತಾರೆ, ನಾನೂ ಗೊಣಗಿದ್ದೇನೆ. ಆದರೆ ಮುದ್ರಿಸಿದಾಗ ಚೌಕಟ್ಟುಗಳು ಮಾಯವಾಗಿ ಶುದ್ಧ ಕಪ್ಪಕ್ಷರದ ಪುಟ ಹೊರಬರುತ್ತದೆ. ಕಾಗದದ ಮೇಲೆ ಬೆರಳಿಟ್ಟು ಒತ್ತಿದರೆ ಯಾವ ತಾಣವೂ ತೆರೆಯುವುದಿಲ್ಲ. ಹೀಗಿರುವಾಗ ಅಲ್ಲಿ ಬಣ್ಣವೇಕೆ ಎಂಬ ತರ್ಕ ಅದು.

ಕಣ್ಣಿನ ಲೆಕ್ಕ

ಗಣಕದ ತೆರೆಯ ಪ್ರತಿ ಬಿಂದುವಿನಲ್ಲೂ ಕೆಂಪು, ಹಸಿರು, ನೀಲಿ ಮೂರು ದೀಪಗಳಿರುತ್ತವೆ. ಮೂರೂ ಪೂರ್ತಿ ಹೊತ್ತಿದರೆ ಬಿಳುಪು. ಆ ಬಿಳುಪಿನ ಒಟ್ಟು ಪ್ರಕಾಶವನ್ನು 1 ಎಂದುಕೊಂಡರೆ, ಮನುಷ್ಯನ ಕಣ್ಣಿಗೆ ಹಸಿರಿನ ಪಾಲು 0.7152, ಕೆಂಪಿನದು 0.2126, ನೀಲಿಯದು ಬರೀ 0.0722. ನೀಲಿ ಬೆಳಕಿಗೆ ಸ್ಪಂದಿಸುವ ಶಂಕುಕೋಶಗಳು ನಮ್ಮ ಅಕ್ಷಿಪಟಲದಲ್ಲಿ ಒಟ್ಟು ಶಂಕುಗಳ ನೂರಕ್ಕೆ ಹತ್ತಕ್ಕಿಂತ ಕಡಿಮೆ, ನೋಟದ ನಟ್ಟನಡುವಿನ ಚುಕ್ಕೆಯಲ್ಲಂತೂ ಅವು ಇಲ್ಲವೇ ಇಲ್ಲ. ಆದ್ದರಿಂದ ಶುದ್ಧ ನೀಲಿ ನಮಗೆ ಮಂಕು ಬಣ್ಣ. ಬಿಳಿಯ ಮೇಲೆ ಅದು ಚೆನ್ನಾಗಿ ಓದಲು ಬರುವುದಕ್ಕೆ ಕಾರಣವೇ ಈ ಮಂಕುತನ.

ಎರಡು ಬಣ್ಣಗಳ ನಡುವಿನ ವೈದೃಶ್ಯವನ್ನು ಅಳೆಯಲು ವಿಶ್ವವ್ಯಾಪಿ ಜಾಲ ಒಕ್ಕೂಟ 2008ರ ತನ್ನ ಮಾರ್ಗಸೂಚಿಯಲ್ಲಿ ಒಂದು ಸರಳ ಸೂತ್ರವನ್ನು ಕೊಟ್ಟಿದೆ. ಹೆಚ್ಚು ಪ್ರಕಾಶದ ಬಣ್ಣದ ಬೆಲೆಗೆ 0.05 ಕೂಡಿಸಿ, ಕಡಿಮೆ ಪ್ರಕಾಶದ್ದಕ್ಕೂ 0.05 ಕೂಡಿಸಿ, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ. ಬಿಳಿಯ ಮೇಲೆ ಶುದ್ಧ ನೀಲಿಗೆ 1.05 ಭಾಗ 0.1222, ಅಂದರೆ ಸುಮಾರು 8.6. ಸಾಧಾರಣ ಗಾತ್ರದ ಅಕ್ಷರಕ್ಕೆ 4.5 ಇದ್ದರೆ ಸಾಕು ಎನ್ನುತ್ತದೆ ಮಾರ್ಗಸೂಚಿ. ಶುದ್ಧ ಕೆಂಪಿಗೆ ಬರುವುದು 4.0, ಶುದ್ಧ ಹಸಿರಿಗೆ 1.4 ಮಾತ್ರ. ನಮ್ಮ ಎಲೆಹಸಿರು ತಂಡದ ಪುಟ ಹಿಂದಿನ ಸಾಲಿನವರಿಗೆ ಏಕೆ ಕಾಣಲಿಲ್ಲ ಎಂಬುದಕ್ಕೆ ಉತ್ತರ ಸಿಕ್ಕಿತಲ್ಲವೆ?

ಇಷ್ಟಕ್ಕೇ ನೀಲಿ ಪಾಸಾಯಿತು ಎನ್ನುವಂತಿಲ್ಲ. ಕೊಂಡಿ ಬಿಳಿ ಹಿನ್ನೆಲೆಯಿಂದ ಬೇರೆಯಾಗಿ ಕಂಡರೆ ಸಾಲದು, ಸುತ್ತಲಿನ ಕಪ್ಪು ಅಕ್ಷರಗಳಿಂದಲೂ ಬೇರೆಯಾಗಿ ಕಾಣಬೇಕು. ಅಡಿಗೆರೆ ಇಲ್ಲದೆ ಬಣ್ಣವೊಂದನ್ನೇ ನೆಚ್ಚುವುದಾದರೆ ಈ ಎರಡನೆಯ ವೈದೃಶ್ಯ 3 ಆದರೂ ಇರಬೇಕು. ಶುದ್ಧ ನೀಲಿಗೂ ಕಪ್ಪಿಗೂ ಲೆಕ್ಕ ಹಾಕಿ ನೋಡಿ, 0.1222 ಭಾಗ 0.05, ಸುಮಾರು 2.4. ನಪಾಸು! 2007ರ ವರ್ಡ್ ಫಲಕದಲ್ಲಿದ್ದದ್ದು ಇದೇ ಶುದ್ಧ ನೀಲಿ. 2013ರಲ್ಲಿ ಬಂದ ಫಲಕದ ಕೊಂಡಿಗೆ ಕೆಂಪು 5, ಹಸಿರು 99, ನೀಲಿ 193 (ಪ್ರತಿಯೊಂದೂ 255ಕ್ಕೆ). ಇದು ಬಿಳಿಯ ಎದುರು ಸುಮಾರು 5.9, ಕಪ್ಪಿನ ಎದುರು ಸುಮಾರು 3.6, ಎರಡರಲ್ಲೂ ತೇರ್ಗಡೆ. 2023ರ ಫಲಕದಲ್ಲಿ ನೀಲಿ ಇನ್ನಷ್ಟು ಬೂದಾಗಿದೆ, 70, 120, 134. ಇದಕ್ಕೆ ಕ್ರಮವಾಗಿ ಸುಮಾರು 4.9 ಮತ್ತು 4.3. ಹಳೆಯ ವರ್ಡ್‌ನಲ್ಲಿ ಮಾಡಿದ ಕಡತವನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟರೆ ನೀಲಿಗಳು ಏಕೆ ಹೊಂದುವುದಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಈಗ ಮಾಗಡಿಯ ಮೇಷ್ಟ್ರ ಬಳಿಗೆ ಬರೋಣ. ಕೆಂಪು ಶಂಕುಗಳು ಕೆಲಸ ಮಾಡದವರಿಗೆ ಕಡುಗೆಂಪು ಸರಿಸುಮಾರು ಕಪ್ಪಾಗಿಯೇ ಕಾಣುತ್ತದೆ. ನೀಲಿಯನ್ನು ಅವರು ನಮ್ಮಂತೆಯೇ ಗುರುತಿಸಬಲ್ಲರು. ಅಷ್ಟರಮಟ್ಟಿಗೆ ನೀಲಿಯ ಆಯ್ಕೆ ಅದೃಷ್ಟದ್ದು. ಆದರೆ ನೇರಳೆಯ ವಿಷಯದಲ್ಲಿ ಈ ಅದೃಷ್ಟ ಕೈಕೊಡುತ್ತದೆ. ನೇರಳೆ ಎಂದರೆ ನೀಲಿಗೆ ಬೆರೆತ ಕೆಂಪು. ಆ ಕೆಂಪು ಕಾಣದಿದ್ದರೆ ನೇರಳೆಯೂ ನೀಲಿಯೇ. ನೋಡಿದ ಕೊಂಡಿ ಯಾವುದು, ನೋಡದ್ದು ಯಾವುದು ಎಂಬುದು ಅವರಿಗೆ ತಿಳಿಯುವುದಿಲ್ಲ. 1993ರ ಮೊಸಾಯಿಕ್‌ನಲ್ಲಿ ನೋಡಿದ ಕೊಂಡಿಗೆ ತುಂಡುಗೆರೆ ಇತ್ತೆಂದು ಹೇಳಿದ್ದೆನಲ್ಲ, ಅದನ್ನು ಉಳಿಸಿಕೊಂಡಿದ್ದರೆ ಈ ತೊಡಕೇ ಇರುತ್ತಿರಲಿಲ್ಲ. ಮುಂದೆ ಬಂದವರು ಅದನ್ನು ಕೈಬಿಟ್ಟರು. ಗಣಕದ ಚರಿತ್ರೆಯಲ್ಲಿ ಹೀಗೆ ಸದ್ದಿಲ್ಲದೆ ಕಳೆದುಹೋದ ಒಳ್ಳೆಯ ಸಂಗತಿಗಳು ಬಹಳ.

ಹಾಗಾದರೆ ಅಡಿಗೆರೆಯನ್ನು ಎಂದೂ ತೆಗೆಯಬಾರದು ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಕನ್ನಡ ಬರೆಯುವವರಿಗೆ ಇಲ್ಲೊಂದು ತೊಡಕಿದೆ. ಅಡಿಗೆರೆ ರೋಮನ್ ಲಿಪಿಗಾಗಿ ಹುಟ್ಟಿದ್ದು. ಆ ಲಿಪಿಯಲ್ಲಿ ಸಾಲಿನ ಕೆಳಗೆ ಇಳಿಯುವ ಅಕ್ಷರಗಳು ನಾಲ್ಕಾರು. ನಮ್ಮಲ್ಲಿ ಒತ್ತಕ್ಷರಗಳೆಲ್ಲ ಗೆರೆಯ ಕೆಳಗೇ ವಾಸ. ನಾಲ್ಕು ತಾಲ್ಲೂಕುಗಳ ಹೆಸರನ್ನೇ ಕೊಂಡಿಗಳಾಗಿ ಮಾಡಿ ನೋಡಿ. ರಾಮನಗರ, ಕನಕಪುರ, ಮಾಗಡಿ ಮೂರೂ ಅಡಿಗೆರೆಯ ಮೇಲೆ ಅಚ್ಚುಕಟ್ಟಾಗಿ ಕೂರುತ್ತವೆ. ಚನ್ನಪಟ್ಟಣದಲ್ಲಿ ಮಾತ್ರ ನಕಾರದ ಒತ್ತು, ಟಕಾರದ ಒತ್ತು ಎರಡನ್ನೂ ಗೆರೆ ಕತ್ತರಿಸಿಕೊಂಡು ಹೋಗುತ್ತದೆ. ಈಚಿನ ಜಾಲ ವೀಕ್ಷಕಗಳು ಅಕ್ಷರದ ಭಾಗ ಸಿಕ್ಕಿದ ಕಡೆ ಗೆರೆಯನ್ನು ತಾವಾಗಿ ತುಂಡರಿಸುತ್ತವೆ. ವರ್ಡ್‌ನಲ್ಲಿ ನಾನು ಕಂಡಂತೆ ಗೆರೆ ಎಗ್ಗಿಲ್ಲದೆ ಹಾಯುತ್ತದೆ. 'ವಿಜ್ಞಾನ' ಎಂಬ ಪದವನ್ನು ಹನ್ನೆರಡು ಅಂಕದ ಅಕ್ಷರದಲ್ಲಿ ಅಡಿಗೆರೆ ಹಾಕಿ ಮುದ್ರಿಸಿದರೆ ಒತ್ತು ಯಾವುದೆಂದು ಮಗು ಊಹಿಸಬೇಕು.

ಕಪ್ಪು ಬಿಳುಪಿನ ಮುದ್ರಕಕ್ಕೆ ಕಳಿಸಿದಾಗ ಇದು ಇನ್ನೂ ಹದಗೆಡುತ್ತದೆ. ಬಣ್ಣದ ಅಕ್ಷರವನ್ನು ಮುದ್ರಕ ಬೂದು ಛಾಯೆಯಾಗಿ ಮಾಡುವುದು ಕಪ್ಪು ಚುಕ್ಕಿಗಳನ್ನು ಬಿಡಿಬಿಡಿಯಾಗಿ ಉದುರಿಸಿ. ದಪ್ಪ ಗೆರೆಗಳು ಹೇಗೋ ಉಳಿಯುತ್ತವೆ, ಒತ್ತಿನ ಸಣ್ಣ ಸುಳಿಗಳು ಹರಿದುಹೋಗುತ್ತವೆ. ನಮ್ಮ ಕೈಪಿಡಿಯ ಕಿತ್ತಳೆ ಕೊಂಡಿಗಳು ಮುದ್ರಣದಲ್ಲಿ ಬರೀ ಮಸುಕು ಧೂಳಾಗಿ ಬಂದಿದ್ದವು.

ಇದರ ಮೇಲೆ ಲಿಪಿ ಸಂಕೇತದ ಗೊಂದಲವೂ ಸೇರಿತ್ತು. 1998ರಲ್ಲಿ ಬಂದ 'ಬರಹ', ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ' ಇವು ಕನ್ನಡದ ಬೆರಳಚ್ಚನ್ನು ಹಳ್ಳಿಯ ಶಾಲೆಗೂ ತಲುಪಿಸಿದವು, ಅದು ದೊಡ್ಡ ಉಪಕಾರ. ಆದರೆ ಅಂದಿನ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಜಾಗದಲ್ಲೇ ಕನ್ನಡದ ತುಣುಕುಗಳು ಕುಳಿತಿದ್ದವು. ಅಂತಹ ಫಾಂಟಿನ ನಡುವೆ ಜಾಲದ ವಿಳಾಸವನ್ನು ಹಾಕಿದರೆ ಅದು ಅರ್ಥವಿಲ್ಲದ ಕನ್ನಡ ತುಣುಕುಗಳ ಸಾಲಾಗಿ, ಅದೂ ನೀಲಿಯಾಗಿ, ಅಡಿಗೆರೆ ಸಮೇತ ಕಾಣುತ್ತಿತ್ತು. ಕ್ಲಿಕ್ಕಿಸಿದರೆ ಸರಿಯಾದ ತಾಣಕ್ಕೇ ಹೋಗುತ್ತಿತ್ತು, ಓದಲು ಮಾತ್ರ ಬರುತ್ತಿರಲಿಲ್ಲ! 2001ರ ವಿಂಡೋಸ್ ಎಕ್ಸ್‌ಪಿ 'ತುಂಗಾ' ಎಂಬ ಯೂನಿಕೋಡ್ ಫಾಂಟನ್ನು ತನ್ನೊಡನೆ ತಂದಿತ್ತು, ನುಡಿಗೂ ಬರಹಕ್ಕೂ ಯೂನಿಕೋಡ್ ರೂಪ ಬಂತು. ಆದರೂ ಶಾಲೆಗಳಲ್ಲಿ ಹಳೆಯ ಕಡತಗಳು ಇನ್ನೂ ಉಳಿದಿವೆ. ಅಂತಹ ಕಡತವಿದ್ದರೆ ವಿಳಾಸದ ಭಾಗಕ್ಕೆ ಮಾತ್ರ ಇಂಗ್ಲಿಷ್ ಫಾಂಟನ್ನು ಕೊಡಿ, ಅಥವಾ ಇಡೀ ಕಡತವನ್ನೇ ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ.

ಕೊನೆಗೆ ನಾವು ಆ ಸಂಜೆ ಮಾಡಿದ್ದು ಇಷ್ಟು. 'ಹೈಪರ್‌ಲಿಂಕ್' ವಿನ್ಯಾಸವನ್ನು ಒಮ್ಮೆ ತಿದ್ದಿ, ಕೊಂಡಿಗೆ 5, 99, 193ರ ನೀಲಿಯನ್ನು ಕೊಟ್ಟೆವು. ಕನ್ನಡ ಪದಗಳು ಕೊಂಡಿಯಾಗಿರುವಲ್ಲಿ ಅಡಿಗೆರೆಯನ್ನು ತೆಗೆದು ಅಕ್ಷರವನ್ನು ದಪ್ಪ ಮಾಡಿದೆವು. ಬಣ್ಣ ಕಾಣದವರಿಗೂ ದಪ್ಪ ಕಾಣುತ್ತದೆ, ಒತ್ತಕ್ಷರವೂ ಉಳಿಯುತ್ತದೆ. ಇಂಗ್ಲಿಷ್ ವಿಳಾಸಗಳಿಗೆ ಅಡಿಗೆರೆ ಇರಲಿ ಎಂದು ಬಿಟ್ಟೆವು. ಮುದ್ರಣದ ಪ್ರತಿಯನ್ನು ಬೇರೆಯಾಗಿ ಮಾಡಿ, ಅದರಲ್ಲಿ ಕೊಂಡಿಯ ಬಣ್ಣವನ್ನು ಕಪ್ಪಿಗೆ ಬದಲಿಸಿ, ವಿಳಾಸಗಳನ್ನು ಪೂರ್ತಿಯಾಗಿ ಪುಟದ ಕೆಳಗೆ ಅಚ್ಚು ಮಾಡಿದೆವು. ಮಾಗಡಿಯ ಮೇಷ್ಟ್ರು ಹೊಸ ಪುಟದ ಮುಂದೆ ಕುಳಿತು ಕೊಂಡಿಗಳನ್ನು ಬೆರಳಿಟ್ಟು ಎಣಿಸಿದರು. ಹದಿನಾಲ್ಕಿದ್ದವು, ಹದಿನಾಲ್ಕನ್ನೂ ಹಿಡಿದರು.

ಆ ಕೈಪಿಡಿಯನ್ನು ಈಗ ಮತ್ತೆ ತಿದ್ದಬೇಕಾಗಿದೆ. ಅದರಲ್ಲಿ ಶಿಲೆಗಳ ಪಾಠಕ್ಕೆ 'ಕ್ಲೋಸ್‌ಪೇಟೆ ಗ್ರಾನೈಟ್' ಎಂಬ ಕೊಂಡಿಯಿದೆ. ಸುಮಾರು 250 ಕೋಟಿ ವರ್ಷಗಳ ಹಿಂದಿನ ಆ ಶಿಲೆಗೆ ಹೆಸರು ಬಂದದ್ದು ರಾಮನಗರದ ಹಿಂದಿನ ಹೆಸರಾದ ಕ್ಲೋಸ್‌ಪೇಟೆಯಿಂದ. ಊರು ಹೆಸರು ಬದಲಿಸಿಕೊಂಡಿತು, ಶಿಲೆ ಹಳೆಯ ಹೆಸರಿನಲ್ಲೇ ಉಳಿಯಿತು, ಕೊಂಡಿ ಈಗಲೂ ತೆರೆಯುತ್ತದೆ. ಪಕ್ಕದ ಪುಟದಲ್ಲಿ 'ರಾಮನಗರ ಜಿಲ್ಲೆ' ಎಂಬ ಇನ್ನೊಂದು ಕೊಂಡಿ. 2007ರಲ್ಲಿ ನಾಲ್ಕು ತಾಲ್ಲೂಕುಗಳೊಂದಿಗೆ ರಚನೆಯಾದ ಈ ಜಿಲ್ಲೆಗೆ ಆಮೇಲೆ ಹಾರೋಹಳ್ಳಿ ತಾಲ್ಲೂಕೂ ಸೇರಿತು, 2025ರಲ್ಲಿ ಜಿಲ್ಲೆಯ ಹೆಸರು 'ಬೆಂಗಳೂರು ದಕ್ಷಿಣ' ಎಂದಾಯಿತು. ಹಾರೋಹಳ್ಳಿ, ದಕ್ಷಿಣ, ಎರಡರಲ್ಲೂ ಒತ್ತಕ್ಷರವಿದೆ. ದಪ್ಪಕ್ಷರ, ಅಡಿಗೆರೆ ಇಲ್ಲ ಎಂದು ಗುರುತು ಹಾಕಿಕೊಂಡಿದ್ದೇನೆ.